ಐದು ವ್ಯಾಟ್, ಒಂದು ತಂತಿ, ಎದುರಿಗೆ ಅರಬ್ಬಿ ಸಮುದ್ರ

ಕಾರವಾರದ ಉತ್ತರಕ್ಕಿರುವ ಮಾಜಾಳಿಯ ಮರಳಿನ ಮೇಲೆ ಐದು ಮೀಟರ್ ಎತ್ತರದ ತಂತಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಅಂಗೈಯಗಲದ ರೇಡಿಯೋವನ್ನೂ ಸಣ್ಣ ಬ್ಯಾಟರಿಯನ್ನೂ ಜೋಡಿಸಿ, ಮೋರ್ಸ್ ಸಂಕೇತದಲ್ಲಿ ಕರೆ ಕೊಟ್ಟರೆ ಸುಮಾರು 7,000 ಕಿಲೋಮೀಟರ್ ಆಚೆಯ ಜರ್ಮನಿಯಿಂದ ಉತ್ತರ ಬರಬಹುದು. ನಡುವೆ ಮೊಬೈಲ್ ಗೋಪುರವಿಲ್ಲ, ಉಪಗ್ರಹವಿಲ್ಲ, ಇಂಟರ್ನೆಟ್ ಇಲ್ಲ. ಹೊರಗೆ ಹೋಗುವ ಶಕ್ತಿ ದೇವರ ಕೋಣೆಯಲ್ಲಿ ಉರಿಯುವ ಚಿಕ್ಕ ಎಲ್‌ಇಡಿ ಬಲ್ಬಿನಷ್ಟು, ಅಂದರೆ ಐದು ವ್ಯಾಟ್ ಮಾತ್ರ. ಇದನ್ನು ಕೇಳಿದವರು ಮೊದಲು ವಿಚಾರಿಸುವುದು ರೇಡಿಯೋ ಪೆಟ್ಟಿಗೆಯ ಬಗ್ಗೆ, ಅದರ ಬೆಲೆಯ ಬಗ್ಗೆ. ಆದರೆ ಇಲ್ಲಿ ಹೆಚ್ಚಿನ ಪಾಲು ಕೆಲಸವನ್ನು ಮಾಡುವುದು ಸಂಕೇತದ ಸ್ವರೂಪ ಮತ್ತು ನಾವು ಕೇಂದ್ರ ಹೂಡಿದ ಜಾಗ. ವ್ಯಾಟ್ ಕಡಿಮೆಯಾದಷ್ಟೂ ಜಾಗದ ಬೆಲೆ ಏರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಉತ್ತರ ಕನ್ನಡ ಜಿಲ್ಲೆಗೆ ಈ ವಿಷಯದಲ್ಲಿ ಇರುವ ಅನುಕೂಲ ಒಳನಾಡಿನ ಬಹಳಷ್ಟು ಊರುಗಳಿಗೆ ಇಲ್ಲ.

ಹ್ಯಾಮ್ ರೇಡಿಯೋ ಎಂದು ಜನ ಕರೆಯುವ ಹವ್ಯಾಸಿ ರೇಡಿಯೋದಲ್ಲಿ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ತಮಗೆಂದು ಮೀಸಲಾದ ಆವರ್ತನಗಳಲ್ಲಿ ಪರಸ್ಪರ ಸಂಪರ್ಕ ಮಾಡುತ್ತಾರೆ. ಅದರಲ್ಲಿ ಲಾಭಕ್ಕೆ ಎಡೆಯಿಲ್ಲ. ಕಲಿಕೆ, ಪ್ರಯೋಗ ಮತ್ತು ತುರ್ತು ಸಮಯದ ನೆರವು ಅದರ ಉದ್ದೇಶ. ಮನೆಯ ಮೇಜಿನ ಮೇಲೆ ಕೇಂದ್ರವನ್ನು ಕಟ್ಟಿಕೊಳ್ಳುವ ಬದಲು ಬೆನ್ನಚೀಲದಲ್ಲಿ ಹೊತ್ತೊಯ್ದು ಬೆಟ್ಟದ ತಲೆಯಲ್ಲೋ ಕಡಲ ದಂಡೆಯಲ್ಲೋ ಕೆಲವು ಗಂಟೆ ನಡೆಸಿ ಬರುವ ಪದ್ಧತಿ ಈಗ ಜಗತ್ತಿನಾದ್ಯಂತ ಹರಡಿದೆ. ಬೆಟ್ಟಗಳಿಂದ ಸಂಪರ್ಕ ಮಾಡುವ ‘ಸಮ್ಮಿಟ್ಸ್ ಆನ್ ದಿ ಏರ್’ ಕಾರ್ಯಕ್ರಮ 2002ರಲ್ಲಿ ಬ್ರಿಟನ್ನಿನಲ್ಲಿ ಮೊದಲಾಯಿತು. ಉದ್ಯಾನ ಮತ್ತು ಸಂರಕ್ಷಿತ ಪ್ರದೇಶಗಳಿಗೆ ‘ಪಾರ್ಕ್ಸ್ ಆನ್ ದಿ ಏರ್’ ಇದೆ. ಇಂಥ ಹೊರಾಂಗಣ ಕೇಂದ್ರಗಳಲ್ಲಿ ಮೋರ್ಸ್ ಬಳಕೆ ಹೆಚ್ಚು. ಅದಕ್ಕೆ ಹಳೆಯದರ ಮೇಲಿನ ಪ್ರೀತಿ ಒಂದು ಕಾರಣವಾದರೆ, ಬಲವಾದ ಇನ್ನೊಂದು ಕಾರಣ ಲೆಕ್ಕದಲ್ಲಿದೆ.

ಮೋರ್ಸ್ ಸಂಕೇತದ ಪ್ರಸಿದ್ಧ ಮೊದಲ ಸಂದೇಶ 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿಯ ಮೂಲಕ ಹೋಯಿತು. ಇಂದು ನಾವು ಬಳಸುವ ರೂಪಕ್ಕೆ ಜರ್ಮನಿಯ ಫ್ರೀಡ್ರಿಖ್ ಗೆರ್ಕೆ 1848ರಲ್ಲಿ ಮಾಡಿದ ಪರಿಷ್ಕರಣೆ ಆಧಾರ. 1865ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಸಮುದ್ರಯಾನದ ಸುರಕ್ಷತಾ ವ್ಯವಸ್ಥೆ 1999ರಲ್ಲಿ ಮೋರ್ಸ್ ಅನ್ನು ಕೈಬಿಟ್ಟಿತು. ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ಮುಚ್ಚಿತಾದರೂ ಅದಕ್ಕೂ ಎಷ್ಟೋ ಮೊದಲೇ ಅಲ್ಲಿ ಟೆಲಿಪ್ರಿಂಟರು, ಕಂಪ್ಯೂಟರುಗಳು ಬಂದಿದ್ದವು. ಹವ್ಯಾಸಿಗಳು ಮಾತ್ರ ಅದನ್ನು ಇಂದಿಗೂ ದಿನಬಳಕೆಯಲ್ಲಿ ಉಳಿಸಿಕೊಂಡಿದ್ದಾರೆ.

ಲೆಕ್ಕ ಹೀಗಿದೆ. ಮೋರ್ಸ್‌ನಲ್ಲಿ ಪ್ರೇಷಕವು (ಟ್ರಾನ್ಸ್‌ಮಿಟರ್) ಒಂದೇ ಆವರ್ತನದ ಅಲೆಯನ್ನು ಹೊರಡಿಸುತ್ತದೆ. ಕೀಲಿಯನ್ನು ಒತ್ತಿದಾಗ ಅಲೆ ಇರುತ್ತದೆ, ಬಿಟ್ಟಾಗ ಇರುವುದಿಲ್ಲ. ಸಣ್ಣ ಒತ್ತು ‘ಡಿಟ್’, ಅದರ ಮೂರರಷ್ಟು ಉದ್ದದ್ದು ‘ಡಾ’. ಒಂದೇ ಅಕ್ಷರದೊಳಗಿನ ಬಿಡುವು ಒಂದು ಡಿಟ್‌ನಷ್ಟು, ಅಕ್ಷರಗಳ ನಡುವಿನದು ಮೂರು ಡಿಟ್‌ನಷ್ಟು, ಪದಗಳ ನಡುವಿನದು ಏಳು ಡಿಟ್‌ನಷ್ಟು. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಡಿಟ್‌ಗೆ 60 ಮಿಲಿಸೆಕೆಂಡು ಹಿಡಿಯುತ್ತದೆ. ಇಷ್ಟು ಸರಳವಾದ ಸಂಕೇತಕ್ಕೆ ರೇಡಿಯೋ ಪಟ್ಟಿಯಲ್ಲಿ ಬೇಕಾಗುವ ಅಗಲ ಸುಮಾರು 150 ಹರ್ಟ್ಜ್. ಮಾತಿಗೆ, ಅದರಲ್ಲೂ ಅತ್ಯಂತ ಮಿತವ್ಯಯದ ವಿಧಾನವಾದ ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ, ಸುಮಾರು 2,500 ಹರ್ಟ್ಜ್ ಬೇಕು.

ಅಗಲ ಕಡಿಮೆಯಾದರೆ ಏನು ಲಾಭ? ಗ್ರಾಹಕವು (ರಿಸೀವರ್) ಎಷ್ಟು ಅಗಲದ ಪಟ್ಟಿಯನ್ನು ತೆರೆದು ಕೇಳುತ್ತದೆಯೋ ಅಷ್ಟು ಅಗಲದ ಗದ್ದಲವೂ ಒಳಗೆ ಬರುತ್ತದೆ. 2,500 ಹರ್ಟ್ಜ್ ಬದಲು 250 ಹರ್ಟ್ಜ್ ಫಿಲ್ಟರ್ ಹಾಕಿಕೊಂಡರೆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ, ಅಂದರೆ 10 ಡೆಸಿಬೆಲ್ ಉಳಿತಾಯ. ಪ್ರೇಷಕದ ಶಕ್ತಿಯನ್ನು ಹತ್ತು ಪಟ್ಟು ಏರಿಸಿದಾಗ ಸಿಗುವ ಲಾಭವೂ ಇಷ್ಟೇ. ಇದರ ಮೇಲೆ ತರಬೇತಾದ ಕಿವಿಯ ಕೊಡುಗೆಯೂ ಸೇರುತ್ತದೆ. ಗೊತ್ತಿರುವ ಸ್ವರವೊಂದನ್ನು ಗದ್ದಲದ ನಡುವಿನಿಂದ ಹೆಕ್ಕುವುದರಲ್ಲಿ ಮನುಷ್ಯನ ಕಿವಿ ಬಹಳ ಸಮರ್ಥ. 100 ವ್ಯಾಟ್‌ನಿಂದ 5 ವ್ಯಾಟ್‌ಗೆ ಇಳಿದಾಗ ನಾವು ಕಳೆದುಕೊಳ್ಳುವುದು 13 ಡೆಸಿಬೆಲ್. ಸಂಕೇತದ ಬಲವನ್ನು ಅಳೆಯುವ ಎಸ್ ಮೀಟರಿನಲ್ಲಿ ಒಂದು ಅಂಕಕ್ಕೆ 6 ಡೆಸಿಬೆಲ್ ಎಂಬ ಲೆಕ್ಕವಿರುವುದರಿಂದ ಇದು ಎರಡು ಅಂಕಕ್ಕಿಂತ ತುಸು ಹೆಚ್ಚು, ಅಷ್ಟೆ. ಮಾತಿನಿಂದ ಮೋರ್ಸ್‌ಗೆ ಬಂದರೆ ಈ ನಷ್ಟದ ಬಹುಪಾಲು ತುಂಬಿಬರುತ್ತದೆ. ಉಳಿದದ್ದನ್ನು ಜಾಗ ತುಂಬಿಕೊಡಬೇಕು.

ಜಾಗದ ಮೊದಲ ಕೊಡುಗೆ ನಿಶ್ಶಬ್ದ. ಮೊಬೈಲ್ ಚಾರ್ಜರು, ಎಲ್‌ಇಡಿ ದೀಪದ ಡ್ರೈವರು, ಇನ್ವರ್ಟರು, ಕೇಬಲ್ ಟಿವಿಯ ಪೆಟ್ಟಿಗೆ, ಮೇಲ್ಛಾವಣಿಯ ಸೋಲಾರ್ ವ್ಯವಸ್ಥೆ, ಧೂಳು ಮತ್ತು ಉಪ್ಪು ಕೂತ ವಿದ್ಯುತ್ ಕಂಬದ ಪಿಂಗಾಣಿ ಇವೆಲ್ಲವೂ ಅತಿ ವೇಗವಾಗಿ ಆನ್–ಆಫ್ ಆಗುವ ಅಥವಾ ಕಿಡಿ ಹಾರಿಸುವ ಸ್ವಭಾವದವು. ಆದ್ದರಿಂದ ಅವು ಸಣ್ಣ ಪ್ರೇಷಕಗಳಂತೆ ವರ್ತಿಸಿ ಗದ್ದಲ ಹರಡುತ್ತವೆ. ಪೇಟೆಯ ಮನೆಯಲ್ಲಿ ಗ್ರಾಹಕದ ಮೀಟರು ಯಾರ ಸಂಕೇತವೂ ಇಲ್ಲದಿರುವಾಗಲೇ ಎಸ್ 7ರಲ್ಲಿ ನಿಂತಿದ್ದು, ವಿದ್ಯುತ್ ಲೈನಿನಿಂದ ದೂರದ ಒಂದು ಬೇಣದ ಮೇಲೆ ಅದು ಎಸ್ 2ಕ್ಕೆ ಇಳಿದರೆ, ಆ ಐದು ಅಂಕಗಳ ವ್ಯತ್ಯಾಸ 30 ಡೆಸಿಬೆಲ್, ಅಂದರೆ ಸಾವಿರ ಪಟ್ಟು. ಮನೆಯಲ್ಲಿ ಇದೆಯೆಂಬುದೇ ತಿಳಿಯದ ಕೇಂದ್ರಗಳು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ. ಇಲ್ಲೊಂದು ಎಚ್ಚರಿಕೆಯ ಮಾತು ಹೇಳಬೇಕು: ನಮ್ಮ ಸುತ್ತಲಿನ ನಿಶ್ಶಬ್ದ ನಮಗೆ ಕೇಳಿಸಿಕೊಳ್ಳಲು ನೆರವಾಗುತ್ತದೆಯೇ ಹೊರತು ನಮ್ಮ ಸಂಕೇತವನ್ನು ಇನ್ನೊಬ್ಬರಿಗೆ ಕೇಳಿಸಲು ಅಲ್ಲ. ಆ ಎರಡನೆಯ ಕೆಲಸಕ್ಕೆ ಆಂಟೆನಾ, ಅದರ ಕೆಳಗಿನ ನೆಲ ಮತ್ತು ಮೇಲಿನ ಅಯಾನುಗೋಳ ಬೇಕು.

ಸೂರ್ಯನ ಅತಿನೇರಳೆ ಮತ್ತು ಎಕ್ಸ್ ಕಿರಣಗಳು ಮೇಲಿನ ವಾತಾವರಣದ ಅಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸುವುದರಿಂದ ಅಯಾನುಗೋಳ ಉಂಟಾಗುತ್ತದೆ. ಅದರಲ್ಲಿ ಕೆಳಗಿನ ಡಿ ಪದರ ಹಗಲಿನಲ್ಲಿ ಮಾತ್ರ ಇದ್ದು ಅಲೆಗಳ ಶಕ್ತಿಯನ್ನು ಹೀರುತ್ತದೆ, ಕಡಿಮೆ ಆವರ್ತನದವುಗಳನ್ನು ಹೆಚ್ಚಾಗಿ. ಸುಮಾರು 250ರಿಂದ 400 ಕಿಲೋಮೀಟರ್ ಎತ್ತರದ ಎಫ್2 ಪದರ ಅಲೆಗಳನ್ನು ಬಾಗಿಸಿ ಮರಳಿ ಭೂಮಿಗೆ ಕಳುಹಿಸುತ್ತದೆ. ನಮ್ಮ ಕರಾವಳಿಯ ವಿಶೇಷವೆಂದರೆ, ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಪ್ರಯೋಗಕ್ಕೆ ಕೇರಳದ ತುಂಬಾ ಎಂಬ ಊರನ್ನು ಆಯ್ದುಕೊಳ್ಳಲು ಇದೇ ಕಾರಣ. ಅಲ್ಲಿ ಹಗಲಿನಲ್ಲಿ ಮೇಲೆತ್ತಲ್ಪಟ್ಟ ಇಲೆಕ್ಟ್ರಾನುಗಳು ಕಾಂತರೇಖೆಗಳ ಜಾಡು ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಇಳಿಯುತ್ತವೆ. ಈ ಸಮಭಾಜಕಕ್ಕೂ ಅವು ಅತಿ ಹೆಚ್ಚು ಸೇರುವ ಭೋಪಾಲ್–ಅಹಮದಾಬಾದ್ ಆಸುಪಾಸಿನ ದಟ್ಟಣೆಯ ಶಿಖರಕ್ಕೂ ನಡುವೆ, 14–15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನಮ್ಮ ಜಿಲ್ಲೆಯಿದೆ. ಪದರ ದಟ್ಟವಾದಷ್ಟೂ ಹೆಚ್ಚಿನ ಆವರ್ತನದ ಅಲೆಗಳನ್ನು ಬಾಗಿಸಬಲ್ಲದು. ಹಾಗಾಗಿ 21 ಮತ್ತು 28 ಮೆಗಾಹರ್ಟ್ಜ್‌ನಂಥ ಮೇಲಿನ ಬ್ಯಾಂಡುಗಳು (ಆವರ್ತನ ಪಟ್ಟಿಗಳು) ಯುರೋಪಿನವರಿಗೆ ಮುಚ್ಚಿದ ಎಷ್ಟೋ ದಿನಗಳಲ್ಲಿ ನಮಗೆ ತೆರೆದಿರುತ್ತವೆ. ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವ ಸೌರಚಕ್ರಗಳಲ್ಲಿ, 2019ರ ಕೊನೆಯಲ್ಲಿ ತೊಡಗಿದ 25ನೆಯದು 2024ರ ಸುಮಾರಿಗೆ ಗರಿಷ್ಠ ಹಂತಕ್ಕೆ ಬಂದದ್ದು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಇದೇ ಸ್ಥಾನಕ್ಕೆ ಒಂದು ತೊಡಕೂ ಅಂಟಿಕೊಂಡಿದೆ: ಸೂರ್ಯಾಸ್ತದ ನಂತರ, ವಿಶೇಷವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಎಫ್ ಪದರ ಛಿದ್ರವಾಗಿ ಸಂಕೇತಗಳು ಪಟಪಟನೆ ನಡುಗುತ್ತವೆ, ಡಿಟ್‌ಗಳ ಅಂಚು ಕದಡುತ್ತದೆ. ಆಗ ವೇಗ ಇಳಿಸಿ ಕಳುಹಿಸುವುದೇ ಜಾಣತನ.

ಇನ್ನು ಕಡಲಿಗೆ ಬರೋಣ. ಈ ಲೇಖನದ ಮುಖ್ಯ ವಿಷಯ ಇಲ್ಲಿದೆ. ದೂರದ ಸಂಪರ್ಕಕ್ಕೆ ಅಲೆ ದಿಗಂತಕ್ಕೆ ಹತ್ತಿರವಾಗಿ, ಅಂದರೆ ಕಡಿಮೆ ಕೋನದಲ್ಲಿ ಹೊರಡಬೇಕು. 300 ಕಿಲೋಮೀಟರ್ ಎತ್ತರದ ಪದರವನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, 30 ಡಿಗ್ರಿ ಕೋನದಲ್ಲಿ ಹೊರಟ ಅಲೆ ಒಂದು ನೆಗೆತದಲ್ಲಿ ಸುಮಾರು 930 ಕಿಲೋಮೀಟರ್ ದೂರ ಹೋಗಿ ಬೀಳುತ್ತದೆ. 5 ಡಿಗ್ರಿಯಲ್ಲಿ ಹೊರಟದ್ದು ಸುಮಾರು 2,900 ಕಿಲೋಮೀಟರ್. ಕಾರವಾರದಿಂದ ಜರ್ಮನಿಗೆ ಮೊದಲನೆಯದಕ್ಕೆ ಎಂಟು ನೆಗೆತ ಬೇಕು, ಎರಡನೆಯದಕ್ಕೆ ಮೂರು ಸಾಕು. ಪ್ರತಿ ನೆಗೆತದಲ್ಲೂ ಅಲೆ ಡಿ ಪದರವನ್ನು ಎರಡು ಬಾರಿ ದಾಟುತ್ತದೆ ಮತ್ತು ನೆಲ ಮುಟ್ಟಿ ಮೇಲೇಳುವಾಗ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐದು ವ್ಯಾಟ್ ಇರುವವರಿಗೆ ಈ ಐದು ಹೆಚ್ಚುವರಿ ನೆಗೆತಗಳನ್ನು ಭರಿಸುವ ಶಕ್ತಿಯಿಲ್ಲ.

ನೆಟ್ಟಗೆ ನಿಲ್ಲಿಸಿದ ಆಂಟೆನಾ ಸಹಜವಾಗಿಯೇ ಕಡಿಮೆ ಕೋನದತ್ತ ಅಲೆ ಕಳುಹಿಸುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜವಾಗುವುದು ಕೆಳಗಿನ ನೆಲ ಒಳ್ಳೆಯದಿದ್ದಾಗ ಮಾತ್ರ. ಆಂಟೆನಾದಿಂದ ನೇರವಾಗಿ ಹೋಗುವ ಅಲೆಯ ಜೊತೆಗೆ ನೆಲಕ್ಕೆ ಬಡಿದು ಪ್ರತಿಫಲಿಸಿದ ಅಲೆಯೂ ಸೇರುತ್ತದೆ; ಇವೆರಡೂ ಒಂದೇ ಹೆಜ್ಜೆಯಲ್ಲಿದ್ದರೆ ಕೂಡುತ್ತವೆ, ವಿರುದ್ಧ ಹೆಜ್ಜೆಯಲ್ಲಿದ್ದರೆ ಕಳೆಯುತ್ತವೆ. ಈ ಕೂಡುವಿಕೆ ಕಳೆಯುವಿಕೆಯಾಗಿ ತಿರುಗುವ ಗಡಿಕೋನ 14 ಮೆಗಾಹರ್ಟ್ಜ್‌ನಲ್ಲಿ ಸಾಧಾರಣ ಮಣ್ಣಿಗೆ 15 ಡಿಗ್ರಿಯ ಹತ್ತಿರ ಇರುತ್ತದೆ. ಬೇಸಗೆಯಲ್ಲಿ ಒಣಗಿದ ಚಿರೇಕಲ್ಲಿನ ನೆಲದಲ್ಲಿ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಅಂದರೆ ನಮಗೆ ಅತ್ಯಂತ ಬೇಕಾದ 5–10 ಡಿಗ್ರಿಯ ಅಲೆಯನ್ನು ನೆಲವೇ ಅಳಿಸಿಹಾಕುತ್ತದೆ. ಸಮುದ್ರದ ನೀರಿನ ವಿದ್ಯುದ್ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್, ಸಾಧಾರಣ ಮಣ್ಣಿನ ಸಾವಿರ ಪಟ್ಟು. ಆ ಕಾರಣದಿಂದ ಉಪ್ಪುನೀರಿನ ಮೇಲೆ ಈ ಗಡಿಕೋನ ಒಂದು ಡಿಗ್ರಿಗೂ ಕೆಳಗೆ ಇಳಿಯುತ್ತದೆ. ದಿಗಂತದ ವರೆಗಿನ ಬಹುತೇಕ ಎಲ್ಲ ಕೋನಗಳಲ್ಲಿ ಪ್ರತಿಫಲನ ನಮ್ಮ ಪರವಾಗಿ ದುಡಿಯುತ್ತದೆ. ಅದೇ ತಂತಿ, ಅದೇ ಐದು ವ್ಯಾಟ್. ನೀರಿನ ಅಂಚಿಗೆ ತಂದು ನಿಲ್ಲಿಸಿದ್ದಕ್ಕೆ ಸಿಗುವ ಲಾಭ ಶಕ್ತಿಯನ್ನು ಹಲವು ಪಟ್ಟು ಹೆಚ್ಚಿಸಿದಷ್ಟು.

ಇಲ್ಲಿ ‘ಅಂಚು’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಗಾಳಿಮರದ ತೋಪಿನ ನೆರಳಲ್ಲಿ, ನೀರಿನಿಂದ ನೂರು ಮೀಟರ್ ಹಿಂದೆ ಕೂತು ‘ಬೀಚಿನಿಂದ ಮಾಡಿದೆ’ ಎಂದರೆ ಉಪ್ಪುನೀರಿನ ಪೂರ್ಣ ಲಾಭ ಸಿಕ್ಕಿರುವುದಿಲ್ಲ. ಆಂಟೆನಾದ ಬುಡ ಅಲೆ ಬಂದು ಹೋಗುವ ಒದ್ದೆ ಮರಳಿಗೆ ತಾಗಿದಂತಿರಬೇಕು, ಮತ್ತು ಸಂಪರ್ಕ ಬೇಕಾದ ದಿಕ್ಕಿಗೆ ನೀರು ಹರಡಿರಬೇಕು. ಮಾಜಾಳಿ, ದೇವಬಾಗ, ಗೋಕರ್ಣ, ಅಪ್ಸರಕೊಂಡದ ಕೆಳಗಿನ ದಂಡೆ, ಮುರ್ಡೇಶ್ವರ ಇವೆಲ್ಲ ಪಶ್ಚಿಮಕ್ಕೆ ಮುಖಮಾಡಿವೆ. ಯುರೋಪು ವಾಯವ್ಯಕ್ಕೆ, ಅರೇಬಿಯಾ ಮತ್ತು ಆಫ್ರಿಕಾ ಪಶ್ಚಿಮ ಹಾಗೂ ನೈಋತ್ಯಕ್ಕೆ ಬರುವುದರಿಂದ ಇದು ನಮಗೆ ಒಲಿದು ಬಂದ ದಿಕ್ಕು. ಪೂರ್ವದ ಜಪಾನಿಗೆ ಈ ಲಾಭವಿಲ್ಲ, ಹಿಂದೆ ಸಹ್ಯಾದ್ರಿ ಅಡ್ಡ ನಿಂತಿದೆ. ಉಬ್ಬರ–ಇಳಿತದ ಹೊತ್ತನ್ನು ಮೊದಲೇ ನೋಡಿಕೊಂಡು ಹೋಗುವುದು ಅಗತ್ಯ. ನೀರು ಏರುತ್ತಿರುವಾಗ ಹೂಡಿದ ಕೇಂದ್ರವನ್ನು ನಡುಸಂಪರ್ಕದಲ್ಲಿ ಎತ್ತಿಕೊಂಡು ಹಿಂದೆ ಸರಿಯಬೇಕಾಗುತ್ತದೆ, ಇಳಿಯುತ್ತಿರುವಾಗಲಾದರೆ ಅಂಚು ತಾನಾಗಿ ದೂರ ಸರಿದರೂ ಒದ್ದೆ ಮರಳು ಉಳಿಯುತ್ತದೆ.

ಈ ಆಂಟೆನಾವನ್ನು ಮಾಡುವುದು ಕಷ್ಟವಲ್ಲ. ಮೆಗಾಹರ್ಟ್ಜ್‌ನಲ್ಲಿರುವ ಆವರ್ತನದಿಂದ 71.5 ಅನ್ನು ಭಾಗಿಸಿದರೆ ಕಾಲು ತರಂಗಾಂತರದ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಕಡಿಮೆ ಶಕ್ತಿಯ ಮೋರ್ಸ್ ಬಳಗ ಹೆಚ್ಚಾಗಿ ಸೇರುವ 14.060 ಮೆಗಾಹರ್ಟ್ಜ್‌ಗೆ ಇದು 5.09 ಮೀಟರ್. ಮೀನುಗಾರಿಕೆಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ, ಒಂದರೊಳಗೊಂದು ಸೇರುವ ಗಾಜಿನ ನಾರಿನ ಗಾಳದ ಕೋಲಿಗೆ ತೆಳು ತಾಮ್ರದ ತಂತಿಯನ್ನು ಟೇಪಿನಿಂದ ಅಂಟಿಸಿ, ಬುಡದಿಂದ ಅದೇ ಉದ್ದದ ಕೆಲವು ತಂತಿಗಳನ್ನು ಒದ್ದೆ ಮರಳಿನ ಮೇಲೆ ಹರಡಿದರೆ ಆಯಿತು. ಒಣ ನೆಲದಲ್ಲಿ ಹದಿನಾರು ಬೇಕಾಗುವ ಈ ನೆಲತಂತಿಗಳು ಉಪ್ಪುನೀರಿನ ಪಕ್ಕದಲ್ಲಿ ನಾಲ್ಕೇ ಆದರೂ ಕೆಲಸ ಮಾಡುತ್ತವೆ. ಮನೆಗೆ ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ತಾಮ್ರ ಹಸಿರುಗಟ್ಟುತ್ತದೆ, ಕನೆಕ್ಟರುಗಳು ಬೇಗ ಹಾಳಾಗುತ್ತವೆ.

ಘಟ್ಟ ಹತ್ತಿ ಶಿರಸಿ ಕಡೆಗೆ ಹೋದರೆ ಲೆಕ್ಕವೇ ಬದಲಾಗುತ್ತದೆ. ಅಡಿಕೆ ತೋಟಗಳು ಕಣಿವೆಯಲ್ಲಿರುತ್ತವೆ, ಸುತ್ತಲೂ ಸೊಪ್ಪಿನ ಬೆಟ್ಟ. ದಿಗಂತದತ್ತ ಹೊರಟ ಅಲೆಗೆ ದಾರಿಯೇ ಇಲ್ಲ. ಇಂಥಲ್ಲಿ ದೂರದ ಆಸೆಯನ್ನು ಬದಿಗಿಟ್ಟು, 40 ಮೀಟರ್ ತರಂಗಾಂತರದ, ಅಂದರೆ 7 ಮೆಗಾಹರ್ಟ್ಜ್‌ನ ಬ್ಯಾಂಡಿನಲ್ಲಿ ಅಲೆಯನ್ನು ನೆತ್ತಿಯ ಕಡೆಗೇ ಕಳುಹಿಸುವುದು ಒಳ್ಳೆಯದು. 7.030 ಮೆಗಾಹರ್ಟ್ಜ್‌ಗೆ ಅರ್ಧ ತರಂಗಾಂತರದ ಡೈಪೋಲ್‌ನ ಒಟ್ಟು ಉದ್ದ ಸುಮಾರು 20.3 ಮೀಟರ್, ಅದರ ನಡುಭಾಗವನ್ನು ನೆಲದಿಂದ ಐದಾರು ಮೀಟರ್ ಎತ್ತರಕ್ಕೆ ಕಟ್ಟಿ ಎರಡು ತೋಳುಗಳನ್ನು ಓರೆಯಾಗಿ ಇಳಿಬಿಟ್ಟರೆ ಶಕ್ತಿಯ ಬಹುಪಾಲು ಮೇಲಕ್ಕೆ ಹೋಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಹಗಲಿನ ಎಫ್2 ಪದರ ನೇರವಾಗಿ ಮೇಲೇರಿದ 7 ಮೆಗಾಹರ್ಟ್ಜ್ ಅಲೆಯನ್ನೂ ಸಾಮಾನ್ಯವಾಗಿ ಹಿಂದಿರುಗಿಸುವಷ್ಟು ದಟ್ಟವಾಗಿರುತ್ತದೆ. ಹಾಗೆ ಮರಳಿ ಬಂದ ಅಲೆ ಬೆಟ್ಟಗಳನ್ನು ಲೆಕ್ಕಿಸದೆ ಕೆಲವು ನೂರು ಕಿಲೋಮೀಟರ್ ಸುತ್ತಳತೆಗೆ ಹರಡಿ ಬೆಂಗಳೂರು, ಮಂಗಳೂರು, ಪುಣೆಗಳನ್ನು ತಲುಪುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು, ಕರೆಂಟು ಹೋಗಿ, ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾದ ಹೊತ್ತಿಗೆ ಬೇಕಾಗುವ ಸಂಪರ್ಕ ಇದೇ ಅಳತೆಯದು. ಜರ್ಮನಿಯ ಸಂಪರ್ಕಕ್ಕಿಂತ ಇದನ್ನೇ ನಾನು ಹೆಚ್ಚು ಮುಖ್ಯವೆಂದು ಭಾವಿಸುತ್ತೇನೆ, ಮತ್ತು ಜಿಲ್ಲೆಯಲ್ಲಿ ಹೊಸದಾಗಿ ಪರವಾನಗಿ ಪಡೆಯುವವರು ಮೊದಲು ಅಭ್ಯಾಸ ಮಾಡಬೇಕಾದದ್ದೂ ಇದನ್ನೇ. ರಾತ್ರಿ ಹೊತ್ತೇರಿದಂತೆ ಪದರ ತೆಳುವಾಗಿ ಹತ್ತಿರದ ಊರುಗಳು ಮರೆಯಾಗುತ್ತವೆ, ಅದೇ ಬ್ಯಾಂಡಿನಲ್ಲಿ ದೂರದವು ಕೇಳತೊಡಗುತ್ತವೆ.

ತಂತಿಯನ್ನು ಎತ್ತರಕ್ಕೆ ಏರಿಸುವುದಕ್ಕೆ ಮಲೆನಾಡಿನಲ್ಲಿ ಒಂದು ಸಾಧನ ಕೈಗೆ ಸಿಗುವಂತಿದೆ: ಅಡಿಕೆ ಕೊನೆ ಕೊಯ್ಯುವ, ಮದ್ದು ಹೊಡೆಯುವ ದೋಟಿ. ಆದರೆ ಈಚೆಗೆ ಎಲ್ಲೆಡೆ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ಇದಕ್ಕೆ ಬಳಸಬಾರದು. ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುತ್ತದೆ. ಅದಕ್ಕೆ ತಾಗಿಸಿ ತಂತಿ ಕಟ್ಟಿದರೆ ಆಂಟೆನಾದ ಶ್ರುತಿ ಕೆಡುತ್ತದೆ, ಐದು ವ್ಯಾಟ್‌ನಲ್ಲಿ ಒಂದು ಪಾಲು ದೋಟಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಒಣ ಬಿದಿರಿನ ಗಳ ಅಥವಾ ಗಾಜಿನ ನಾರಿನ ಕೋಲು ಸರಿಯಾದ ಆಯ್ಕೆ. ಯಾವ ಕೋಲಾದರೂ ತಲೆಯ ಮೇಲೆ ವಿದ್ಯುತ್ ಲೈನು ಇದೆಯೇ ಎಂದು ನೋಡದೆ ಎತ್ತಬಾರದು. ದೋಟಿ ಲೈನಿಗೆ ತಾಗಿ ಪ್ರಾಣಹಾನಿಯಾಗುವ ಸುದ್ದಿ ಅಡಿಕೆ ನಾಡಿನವರಿಗೆ ಹೊಸದಲ್ಲ. ಮರವಿದ್ದಲ್ಲಿ ಸೀಸದ ಗುಂಡು ಕಟ್ಟಿದ ತಂಗೂಸಿ ದಾರವನ್ನು ಕೊಂಬೆಯ ಮೇಲಿಂದ ಎಸೆದು, ಅದರ ತುದಿಗೆ ಹಗ್ಗ ಕಟ್ಟಿ ಎಳೆದು, ಹಗ್ಗದಿಂದ ಆಂಟೆನಾವನ್ನು ಏರಿಸುವುದು ವಾಡಿಕೆ. ಗಾಳಿಮರ ಇದಕ್ಕೆ ಅನುಕೂಲ; ತೆಂಗಿನ ಮರದಲ್ಲಿ ಕೊಂಬೆಯೂ ಇಲ್ಲ, ಕೆಳಗೆ ಕೂರುವುದು ಕ್ಷೇಮವೂ ಅಲ್ಲ.

ಉಪಕರಣದ ವಿಷಯವನ್ನು ಬೇಗ ಮುಗಿಸಬಹುದು. ಯಾಯೇಸು ಎಫ್‌ಟಿ-818, ಐಕಾಮ್ ಐಸಿ-705, ಎಲಿಕ್ರಾಫ್ಟ್ ಕೆಎಕ್ಸ್2 ಹೆಸರಾದ ಸಿದ್ಧ ರೇಡಿಯೋಗಳು, ಬೆಲೆಯೂ ಅದಕ್ಕೆ ತಕ್ಕಂತೆ. ಮೋರ್ಸ್‌ಗೆ ಮಾತ್ರವಾದ ಸಾಧನ ಎಷ್ಟು ಸರಳವೆಂದರೆ ಬೆಸುಗೆ ಗೊತ್ತಿದ್ದವರು ಕಿಟ್ ತರಿಸಿ ತಾವೇ ಕಟ್ಟಿಕೊಳ್ಳಬಹುದು. ಕ್ಯೂಆರ್‌ಪಿ ಲ್ಯಾಬ್ಸ್‌ನ ಕ್ಯೂಸಿಎಕ್ಸ್ ಅಂಥದ್ದು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್ಎಕ್ಸ್ ವಿನ್ಯಾಸಗಳು ಜಗತ್ತಿನಾದ್ಯಂತ ಹವ್ಯಾಸಿಗಳ ಮೇಜಿನ ಮೇಲಿವೆ ಎಂಬುದು ಹೆಮ್ಮೆಯ ವಿಷಯ. ಬ್ಯಾಟರಿಗೆ ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯದು, ನಾಲ್ಕು ಸೆಲ್ಲುಗಳಿಗೆ 12.8 ವೋಲ್ಟ್. ಕೇಳುವಾಗ 0.15 ಆಂಪಿಯರ್, ಕೀಲಿ ಒತ್ತಿದಾಗ 1 ಆಂಪಿಯರ್ ಎಳೆಯುವ ರೇಡಿಯೋವನ್ನು ಮೂರು ಗಂಟೆ ನಡೆಸಿ, ಅದರಲ್ಲಿ ಮೂರನೇ ಒಂದು ಪಾಲು ಹೊತ್ತು ಕಳುಹಿಸುತ್ತಿದ್ದರೂ ಕೀಲಿ ನಿಜವಾಗಿ ಒತ್ತಿರುವುದು ಅದರ ಅರ್ಧ ಹೊತ್ತು ಮಾತ್ರ. ಒಟ್ಟು ಖರ್ಚು 0.9 ಆಂಪಿಯರ್ ಗಂಟೆಯನ್ನು ಮೀರುವುದಿಲ್ಲ. 3 ಆಂಪಿಯರ್ ಗಂಟೆಯ ಬ್ಯಾಟರಿ ಇಡೀ ದಿನಕ್ಕೆ ಸಾಕು.

ಈಗ ಒಂದು ಸಂಪರ್ಕ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಮೊದಲು ಕೇಳಬೇಕು, ಸಾಕಷ್ಟು ಹೊತ್ತು ಕೇಳಬೇಕು. ಆವರ್ತನ ಖಾಲಿಯಿದೆ ಎನ್ನಿಸಿದ ಮೇಲೆ ‘ಕ್ಯೂಆರ್‌ಎಲ್’ ಎಂದು ಪ್ರಶ್ನಾಚಿಹ್ನೆಯೊಡನೆ ಕಳುಹಿಸಿ, ಯಾರಾದರೂ ಬಳಸುತ್ತಿದ್ದೀರಾ ಎಂದು ವಿಚಾರಿಸಬೇಕು. ಉತ್ತರ ಬಾರದಿದ್ದರೆ ಕೇಳುತ್ತಿರುವ ಯಾರಿಗಾದರೂ ಎಂಬರ್ಥದ ‘ಸಿಕ್ಯೂ’ ಕರೆ: ಡಾ ಡಿ ಡಾ ಡಿಟ್, ಡಾ ಡಾ ಡಿ ಡಾ. ಇದನ್ನು ಎರಡು ಮೂರು ಬಾರಿ ಕಳುಹಿಸಿ, ‘ಇಂಥವರಿಂದ’ ಎಂಬರ್ಥದ ‘ಡಿಇ’ ಸೇರಿಸಿ, ವಿಯು2 ಅಥವಾ ವಿಯು3 ಎಂದು ತೊಡಗುವ ತಮ್ಮ ಕಾಲ್‌ಸೈನನ್ನು (ಪರವಾನಗಿಯ ಗುರುತಿನ ಸಂಕೇತವನ್ನು) ಎರಡು ಬಾರಿ ಕೊಟ್ಟು, ‘ಡಾ ಡಿ ಡಾ’ ಎಂಬ ಕೆ ಅಕ್ಷರದಿಂದ ಮುಗಿಸಿ ಕಿವಿಗೊಡಬೇಕು. ಉತ್ತರಿಸಿದವರು ತಮ್ಮ ಕಾಲ್‌ಸೈನ್ ಕೊಡುತ್ತಾರೆ. ಆಮೇಲೆ ಪರಸ್ಪರ ವರದಿ: ಮೂರು ಅಂಕೆಗಳಲ್ಲಿ ಮೊದಲನೆಯದು ಓದಲು ಎಷ್ಟು ಸ್ಪಷ್ಟ, ಎರಡನೆಯದು ಎಷ್ಟು ಬಲ, ಮೂರನೆಯದು ಸ್ವರ ಎಷ್ಟು ಶುದ್ಧ. 599 ಎಂಬುದನ್ನು ಅನುಭವಿಗಳು ‘5ಎನ್‌ಎನ್’ ಎಂದು ಕಳುಹಿಸುತ್ತಾರೆ, ಏಕೆಂದರೆ ಒಂಬತ್ತಕ್ಕೆ ನಾಲ್ಕು ಡಾ ಮತ್ತು ಒಂದು ಡಿಟ್ ಬೇಕು, ಎನ್ ಅಕ್ಷರಕ್ಕೆ ಒಂದು ಡಾ, ಒಂದು ಡಿಟ್ ಸಾಕು. ಸ್ಪರ್ಧೆಗಳಲ್ಲಿ ಎಲ್ಲರಿಗೂ 599 ಎನ್ನುವ ರೂಢಿಯಿದ್ದರೂ ಐದು ವ್ಯಾಟ್‌ನವರಿಗೆ ನಿಜವಾದ ವರದಿಯೇ ಉಪಯುಕ್ತ. 339 ಎಂದರೆ ಕಷ್ಟಪಟ್ಟು ಕೇಳುತ್ತಿದ್ದಾರೆ ಎಂದು ತಿಳಿದು ಮುಖ್ಯ ವಿಷಯವನ್ನು ಎರಡು ಬಾರಿ ಕಳುಹಿಸಬಹುದು. ಕೊನೆಗೆ ಶುಭಾಶಯದ 73, ಅದರ ಹಿಂದೆ ಇಬ್ಬರಿಂದಲೂ ಒಂದೊಂದು ‘ಡಿಟ್ ಡಿಟ್’. ಇಡೀ ವ್ಯವಹಾರ ಎರಡು ಮೂರು ನಿಮಿಷದ್ದು. ಭಾಷೆ ಬೇರೆಯಾದ ಇಬ್ಬರು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಈ ಸಂಕೇತಗಳ ಬಲದಿಂದ ತೊಡಕಿಲ್ಲದೆ ಸಂಪರ್ಕ ಮುಗಿಸಬಹುದು.

ಕರೆಗೆ ಉತ್ತರ ಬಾರದಿದ್ದಾಗ ಆಂಟೆನಾ ಕೆಟ್ಟಿದೆಯೋ, ಬ್ಯಾಂಡ್ ಮುಚ್ಚಿದೆಯೋ, ಯಾರೂ ಕೇಳುತ್ತಿಲ್ಲವೋ ತಿಳಿಯದೆ ಹೊಸಬರು ಕಂಗೆಡುತ್ತಾರೆ. ಇದಕ್ಕೆ 2008ರಿಂದ ರಿವರ್ಸ್ ಬೀಕನ್ ನೆಟ್‌ವರ್ಕ್ ಇದೆ. ಜಗತ್ತಿನ ನಾನಾ ಕಡೆಯ ಸ್ವಯಂಚಾಲಿತ ಗ್ರಾಹಕಗಳು ಸಿಕ್ಯೂ ಕರೆಗಳನ್ನು ಆಲಿಸಿ, ಯಾರ ಸಂಕೇತ ಎಲ್ಲಿ ಎಷ್ಟು ಡೆಸಿಬೆಲ್‌ನಲ್ಲಿ ಕೇಳಿತು ಎಂದು ತಕ್ಷಣ ಪ್ರಕಟಿಸುತ್ತವೆ. ದಂಡೆಯಲ್ಲಿ ಕೂತು ಮೊಬೈಲಿನಲ್ಲಿ ಅದನ್ನು ನೋಡುತ್ತ, ಆಂಟೆನಾವನ್ನು ನೀರಿನ ಅಂಚಿಗೂ ಅಲ್ಲಿಂದ ಹಿಂದಕ್ಕೂ ಸರಿಸಿ ಕರೆ ಕೊಟ್ಟರೆ, ಮೇಲೆ ಹೇಳಿದ ಉಪ್ಪುನೀರಿನ ಲೆಕ್ಕವನ್ನು ಅಂಕಿಗಳಲ್ಲೇ ಪರೀಕ್ಷಿಸಬಹುದು. ನನ್ನ ಮಟ್ಟಿಗೆ ಈ ಹವ್ಯಾಸದ ಅತಿ ದೊಡ್ಡ ಸುಖ ಇಂಥ ಪರೀಕ್ಷೆಗಳಲ್ಲಿದೆ. ಯಾಣದ ಕಣಿವೆಯಂಥ, ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲದ ಜಾಗಗಳಲ್ಲಿ ಈ ಸೌಲಭ್ಯವಿಲ್ಲದೆ ಕಿವಿಯನ್ನೇ ನಂಬಬೇಕು.

ಮೋರ್ಸ್ ಕಲಿಯುವವರು ಚುಕ್ಕೆ–ಗೆರೆಗಳ ಪಟ್ಟಿಯನ್ನು ಬಾಯಿಪಾಠ ಮಾಡಬಾರದು. ಕಣ್ಣಿನಿಂದ ಕಲಿತದ್ದನ್ನು ಕಿವಿಗೆ ವರ್ಗಾಯಿಸುವಾಗ ಪ್ರತಿ ಅಕ್ಷರಕ್ಕೂ ಎಣಿಕೆ ನಡೆಯುತ್ತದೆ, ನಿಮಿಷಕ್ಕೆ ಹತ್ತು ಪದದ ಹತ್ತಿರ ಪ್ರಗತಿ ನಿಂತುಬಿಡುತ್ತದೆ. 1930ರ ದಶಕದಲ್ಲಿ ಜರ್ಮನಿಯ ಮನಃಶಾಸ್ತ್ರಜ್ಞ ಲುಡ್ವಿಗ್ ಕೋಖ್ ತೋರಿಸಿದ ದಾರಿ ಉತ್ತಮ: ಮೊದಲ ದಿನದಿಂದಲೇ ಅಕ್ಷರಗಳನ್ನು ಪೂರ್ಣ ವೇಗದಲ್ಲಿ ಕೇಳಬೇಕು, ಎರಡೇ ಅಕ್ಷರಗಳಿಂದ ತೊಡಗಿ, ನೂರರಲ್ಲಿ ತೊಂಬತ್ತು ಸರಿಯಾದ ಮೇಲೆ ಇನ್ನೊಂದನ್ನು ಸೇರಿಸಬೇಕು. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ಬಿಡದೆ ಮಾಡಬೇಕು.

ಪರವಾನಗಿಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುತ್ತದೆ. 1978ರ ನಿಯಮಗಳ ಅಡಿಯಲ್ಲಿ ನಡೆಯುತ್ತ ಬಂದ ಪರೀಕ್ಷೆಯಲ್ಲಿ ಎರಡು ದರ್ಜೆಗಳು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಕಳುಹಿಸಲೂ ಬರೆದುಕೊಳ್ಳಲೂ ಬರಬೇಕು. ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ಷರತ್ತು 2003ರಲ್ಲಿ ಹೋಯಿತಾದರೂ ಪ್ರತಿ ದೇಶವೂ ತನ್ನ ನಿಯಮವನ್ನು ತಾನೇ ಇಟ್ಟುಕೊಂಡಿದೆ. ಪರವಾನಗಿಯಲ್ಲಿ ನಮೂದಾದ ವಿಳಾಸದ ಹೊರಗೆ ಕೇಂದ್ರ ನಡೆಸುವ ಮೊದಲು ಅದರ ಷರತ್ತುಗಳನ್ನು ಓದಿಕೊಂಡು, ಬೇಕಾದ ಅನುಮತಿ ಪಡೆದೇ ಹೊರಡಬೇಕು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅರಗಾದಲ್ಲಿ ಸೀಬರ್ಡ್ ನೌಕಾನೆಲೆ ಇದೆ, ಕೈಗಾದಲ್ಲಿ ಅಣುವಿದ್ಯುತ್ ಕೇಂದ್ರ ಇದೆ, ಅಂಜುದೀವ್ ದ್ವೀಪ ನೌಕಾಪಡೆಯ ವಶದಲ್ಲಿದೆ. ಇವುಗಳ ಆಸುಪಾಸಿನಲ್ಲಿ ಆಂಟೆನಾ ಎತ್ತುವ ಯೋಚನೆಯನ್ನೇ ಮಾಡಬಾರದು. ಉಳಿದ ದಂಡೆಗಳಲ್ಲೂ ಹೆಡ್‌ಫೋನ್ ಹಾಕಿಕೊಂಡು, ತಂತಿ ನಿಲ್ಲಿಸಿ, ಅರ್ಥವಾಗದ ಸದ್ದು ಮಾಡುತ್ತಿರುವ ಅಪರಿಚಿತರನ್ನು ಕಂಡು ಮೀನುಗಾರರು ಪೊಲೀಸರಿಗೆ ತಿಳಿಸಿದರೆ ಅವರು ತಮ್ಮ ಕರ್ತವ್ಯ ಮಾಡಿದ್ದಾರೆ ಎಂದೇ ತಿಳಿಯಬೇಕು. ಕರಾವಳಿ ಕಾವಲಿನಲ್ಲಿ ಅವರ ಕಣ್ಣು ಮುಖ್ಯ. ಮುನ್ನಾದಿನವೇ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಎಲ್ಲಿ, ಎಷ್ಟು ಹೊತ್ತು, ಯಾವ ಆವರ್ತನದಲ್ಲಿ ಎಂದು ಬರೆದುಕೊಟ್ಟು, ಪರವಾನಗಿಯ ಮೂಲಪ್ರತಿಯನ್ನು ಜೊತೆಗಿಟ್ಟುಕೊಂಡರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಕುತೂಹಲದಿಂದ ಬಂದವರ ಕಿವಿಗೆ ಹೆಡ್‌ಫೋನ್ ಕೊಟ್ಟು ಕೇಳಿಸುವುದು ಇನ್ನೂ ಒಳ್ಳೆಯದು. ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ, ಇತರ ಕಾದಿಟ್ಟ ಅರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.

ಹವಾಮಾನದ ದೃಷ್ಟಿಯಿಂದ ನವೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲ ಅತ್ಯುತ್ತಮ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಳೆ ಮತ್ತು ಅಕ್ಟೋಬರಿನ ಹಿಂಗಾರು ಸಿಡಿಲು ಬಯಲಿನಲ್ಲಿ ನಿಂತ ತಂತಿಗೆ ನೇರ ಅಪಾಯ. ದೂರದ ಮಿಂಚಿನ ಸುಳಿವು ಕಣ್ಣಿಗೆ ಬೀಳುವ ಮೊದಲೇ ಗ್ರಾಹಕದಲ್ಲಿ ಚಟಚಟ ಸದ್ದಾಗಿ ಕೇಳಿಸುತ್ತದೆ; ಆ ಸದ್ದು ಹೆಚ್ಚುತ್ತ ಬಂದರೆ ಸಂಪರ್ಕ ಅರ್ಧದಲ್ಲಿದ್ದರೂ ಕ್ಷಮೆ ಕೇಳಿ, ಆಂಟೆನಾವನ್ನು ರೇಡಿಯೋದಿಂದ ಬಿಡಿಸಿ, ಕೋಲನ್ನು ಇಳಿಸಿ, ಗಟ್ಟಿ ಸೂರಿನ ಕೆಳಗೆ ಹೋಗಬೇಕು. ಹೊರಡುವ ಮುನ್ನ ಲಾಗ್ ಪುಸ್ತಕವನ್ನು ಪೂರ್ತಿ ಮಾಡಿಕೊಳ್ಳಬೇಕು. ಸಂಪರ್ಕಗಳನ್ನು ದಾಖಲಿಸುವ ಅದರಲ್ಲಿ ಸಮಯವನ್ನು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಬರೆಯುವ ರೂಢಿಯಿದ್ದು, ನಮ್ಮ ಗಡಿಯಾರಕ್ಕಿಂತ ಅದು ಐದೂವರೆ ಗಂಟೆ ಹಿಂದಿರುತ್ತದೆ. ಮೊದಲು ಹೇಳಿದ ‘ಪಾರ್ಕ್ಸ್ ಆನ್ ದಿ ಏರ್’ ಕಾರ್ಯಕ್ರಮದಲ್ಲಿ ಒಂದೇ ಯುಟಿಸಿ ದಿನದೊಳಗೆ 10 ಸಂಪರ್ಕಗಳಾಗಬೇಕೆಂಬ ನಿಯಮವಿದೆ. ಆ ದಿನ ನಮ್ಮಲ್ಲಿ ಬದಲಾಗುವುದು ಬೆಳಗಿನ 5:30ಕ್ಕೆ, ಆದ್ದರಿಂದ ನಸುಕಿನಲ್ಲಿ ದಂಡೆಗೆ ಇಳಿದವರು ಆ ಗೆರೆಯ ಆಚೆ ಈಚೆ ಮಾಡಿದ ಸಂಪರ್ಕಗಳನ್ನು ಬೇರೆ ಬೇರೆ ದಿನಗಳ ಲೆಕ್ಕಕ್ಕೆ ಹಾಕಬೇಕಾಗುತ್ತದೆ.